‘ಒಂದು ಹನಿ ರಕ್ತ ಸಾಕು, ಎಲ್ಲ ಕ್ಯಾನ್ಸರ್ ಗೊತ್ತಾಗುತ್ತದೆ’ ಎಂಬ ಮೆಸೇಜ್ ನಿಜವೇ? ದೇಹದ ಪ್ರೋಟೀನ್ ನಕ್ಷೆ ಹೇಳುವುದೇನು?

‘ಒಂದೇ ರಕ್ತ ಪರೀಕ್ಷೆ. ಹೊಟ್ಟೆ, ಲಿವರ್, ಗರ್ಭಕೋಶ, ಪ್ರಾಸ್ಟೇಟ್, ಎಲ್ಲ ಕ್ಯಾನ್ಸರ್ ಆರಂಭದಲ್ಲೇ ಪತ್ತೆ. ಈ ವಾರ ಮಾತ್ರ ಅರ್ಧ ಬೆಲೆ. ನಿಮ್ಮ ಎಲ್ಲ ಗ್ರೂಪ್‌ಗಳಿಗೂ ಕಳಿಸಿ, ಒಂದು ಜೀವ ಉಳಿಸಿ.’

ಈ ಧಾಟಿಯ ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಅದನ್ನು ನಂಬಿ ಹೊಸದುರ್ಗದ ಕಡೆಯ ಒಂದು ಮನೆಯವರು ಅತ್ತೆಗೆ ಪರೀಕ್ಷೆ ಮಾಡಿಸಿದರು ಎಂದುಕೊಳ್ಳಿ. ಸಂಜೆ ಮೊಬೈಲ್‌ಗೆ ರಿಪೋರ್ಟ್ ಬರುತ್ತದೆ. ‘ಸಿಎ-125’ ಎಂಬ ಸಾಲಿನ ಮುಂದೆ ದಪ್ಪಕ್ಷರದಲ್ಲಿ 62, ಪಕ್ಕದಲ್ಲಿ ‘35ಕ್ಕಿಂತ ಕಡಿಮೆ ಇರಬೇಕು’ ಎಂದು ಬರೆದಿದೆ. ಮಗ ಗೂಗಲ್ ಮಾಡುತ್ತಾನೆ, ‘ಅಂಡಾಶಯದ ಕ್ಯಾನ್ಸರ್’ ಎಂದು ಬರುತ್ತದೆ. ಆ ರಾತ್ರಿ ಮನೆಯಲ್ಲಿ ಯಾರೂ ಮಲಗುವುದಿಲ್ಲ. ಮರುದಿನ ಬೆಳಗ್ಗೆ ಬೆಂಗಳೂರಿನ ಬಸ್ಸು, ಸ್ಕ್ಯಾನಿಂಗ್, ಸಾಲ.

ಅತ್ತೆಗೆ ಕ್ಯಾನ್ಸರ್ ಇದೆಯೇ? ಆ ಒಂದು ಸಂಖ್ಯೆಯಿಂದ ಹೇಳಲಾಗದು. ಯಾಕೆ ಹೇಳಲಾಗದು ಎಂಬುದಕ್ಕೆ ಉತ್ತರ ಸಿಗುವುದು ವಿಜ್ಞಾನಿಗಳು ಇಪ್ಪತ್ತು ವರ್ಷಗಳಿಂದ ಬಿಡಿಸುತ್ತಿರುವ ಒಂದು ನಕ್ಷೆಯಲ್ಲಿ. ದೇಹದ ಯಾವ ಅಂಗಾಂಶದಲ್ಲಿ ಯಾವ ಪ್ರೋಟೀನ್ ಇರುತ್ತದೆ ಎಂಬ ನಕ್ಷೆ ಅದು. ಅದರ ಒಂದು ದೊಡ್ಡ ಭಾಗ ತಯಾರಾಗಿದ್ದು ಚಿತ್ರದುರ್ಗದಿಂದ ಸುಮಾರು 200 ಕಿಲೋಮೀಟರ್ ದೂರದ ಬೆಂಗಳೂರಿನಲ್ಲೇ.

ಪ್ರೋಟೀನ್ ಎಂದರೆ ಬೇಳೆ, ಮೊಟ್ಟೆ ಮಾತ್ರವಲ್ಲ

ಪ್ರೋಟೀನ್ ಎಂದ ಕೂಡಲೇ ನಮಗೆ ನೆನಪಾಗುವುದು ಬೇಳೆ, ಮೊಟ್ಟೆ, ಜಿಮ್ ಹುಡುಗರ ಪೌಡರ್ ಡಬ್ಬ. ನಾವು ತಿಂದ ಪ್ರೋಟೀನ್ ಹೊಟ್ಟೆ, ಕರುಳಿನಲ್ಲಿ ಸಣ್ಣ ತುಂಡುಗಳಾಗಿ ಒಡೆಯುತ್ತದೆ. ಆ ತುಂಡುಗಳಿಂದ ದೇಹ ತನಗೆ ಬೇಕಾದ ಪ್ರೋಟೀನ್‌ಗಳನ್ನು ತಾನೇ ಕಟ್ಟಿಕೊಳ್ಳುತ್ತದೆ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್, ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್, ಕೂದಲು ಉಗುರಿನ ಕೆರಾಟಿನ್, ಕಣ್ಣಿನ ಮಸೂರದ ಕ್ರಿಸ್ಟಲಿನ್, ಇವೆಲ್ಲ ಪ್ರೋಟೀನ್‌ಗಳೇ.

ಇವನ್ನು ಕಟ್ಟುವ ವಿಧಾನ ಜೀನ್‌ಗಳಲ್ಲಿ ಬರೆದಿರುತ್ತದೆ. ಮನುಷ್ಯರಲ್ಲಿ ಪ್ರೋಟೀನ್ ತಯಾರಿಸುವ ಜೀನ್‌ಗಳು ಸುಮಾರು 20,000. ಸೋಜಿಗದ ಸಂಗತಿ ಎಂದರೆ ನಿಮ್ಮ ಕಣ್ಣಿನ ಜೀವಕೋಶದಲ್ಲೂ ಇನ್ಸುಲಿನ್ ಜೀನ್ ಇದೆ, ಚರ್ಮದಲ್ಲೂ ಇದೆ. ಆದರೆ ಇನ್ಸುಲಿನ್ ತಯಾರಾಗುವುದು ಮೇದೋಜ್ಜೀರಕ ಗ್ರಂಥಿಯ ಕೆಲವು ಜೀವಕೋಶಗಳಲ್ಲಿ ಮಾತ್ರ. ಅಡುಗೆ ಪುಸ್ತಕ ಎಲ್ಲರ ಮನೆಯಲ್ಲೂ ಒಂದೇ, ಒಲೆಯ ಮೇಲೆ ಏನಿದೆ ಎಂಬುದು ಮನೆಮನೆಗೆ ಬೇರೆ. ಹಾಗಾಗಿ ಜೀನ್‌ಗಳ ಪಟ್ಟಿಯೊಂದೇ ಇದ್ದರೆ ಸಾಲದು. ಯಾವ ಅಂಗದಲ್ಲಿ ಯಾವುದು ಬೇಯುತ್ತಿದೆ ಎಂದು ಒಳಗೆ ಹೋಗಿ ನೋಡಬೇಕು.

ಕೋಟೆಯ ಲೆಕ್ಕದಲ್ಲಿ ಹೇಳುವುದಾದರೆ

ಚಿತ್ರದುರ್ಗದ ಏಳು ಸುತ್ತಿನ ಕೋಟೆ ಹತ್ತಿದವರು ಎಣ್ಣೆ ಕೊಳ ನೋಡಿರುತ್ತೀರಿ, ಮದ್ದು ಬೀಸುವ ಕಲ್ಲುಗಳನ್ನೂ ನೋಡಿರುತ್ತೀರಿ. ಎಣ್ಣೆ ಶೇಖರಿಸಿದ್ದು ಒಂದು ಕಡೆ, ಮದ್ದು ಅರೆದದ್ದು ಇನ್ನೊಂದು ಕಡೆ, ನೀರು ನಿಂತದ್ದು ಹೊಂಡಗಳಲ್ಲಿ. ಯಾವ ವಸ್ತು ಎಲ್ಲಿತ್ತು ಎಂದು ತಿಳಿದರೆ ಆ ಜಾಗದ ಕೆಲಸ ಏನೆಂದು ತಿಳಿಯುತ್ತದೆ.

ಈಗ ಕೋಟೆಯ ಹೊರಗಿನ ಕಾಲುವೆಯಲ್ಲಿ ಎಣ್ಣೆ ತೇಲುತ್ತಿದೆ ಎಂದುಕೊಳ್ಳಿ. ಕೋಟೆಯಲ್ಲಿ ಎಣ್ಣೆ ಇರುವುದು ಒಂದೇ ಕೊಳದಲ್ಲಿ ಎಂದು ಖಚಿತವಾಗಿ ಗೊತ್ತಿದ್ದರೆ, ಬಿರುಕು ಬಿಟ್ಟಿರುವುದು ಅಲ್ಲೇ ಎಂದು ಹೇಳಬಹುದು. ಕಾಲುವೆಯಲ್ಲಿ ತೇಲುತ್ತಿರುವುದು ಹೊಟ್ಟು ಆಗಿದ್ದರೆ? ಹೊಟ್ಟು ಎಲ್ಲ ಮನೆಯಲ್ಲೂ ಇರುತ್ತದೆ. ಅದು ಯಾರ ಮನೆಯದು ಎಂದು ಹೇಳಲಾಗದು.

ರಕ್ತ ಪರೀಕ್ಷೆಯ ಗುಟ್ಟೂ ಇಷ್ಟೇ. ರಕ್ತ ಆ ಕಾಲುವೆ. ಅದರಲ್ಲಿ ಸಿಕ್ಕ ಪ್ರೋಟೀನ್ ಒಂದೇ ಅಂಗದ್ದಾದರೆ ಪರೀಕ್ಷೆ ಗಟ್ಟಿ. ಹತ್ತು ಅಂಗಗಳಲ್ಲಿ ಇರುವಂಥದ್ದಾದರೆ ಅದು ಕೊಡುವುದು ಬರೀ ಸುಳಿವು.

ನಕ್ಷೆ ಬಿಡಿಸಿದ್ದು ಹೇಗೆ?

ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿರುವ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಸಂಸ್ಥೆ ಮತ್ತು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅಖಿಲೇಶ್ ಪಾಂಡೆ ಅವರ ನೇತೃತ್ವದಲ್ಲಿ ಈ ಕೆಲಸಕ್ಕೆ ಕೈಹಾಕಿದರು. 2014ರ ಮೇ ತಿಂಗಳಲ್ಲಿ ಅವರ ‘ಮಾನವ ಪ್ರೋಟೀನ್‌ಗಳ ಕರಡು ನಕ್ಷೆ’ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಜರ್ಮನಿಯ ಮ್ಯೂನಿಕ್‌ನ ತಂಡವೊಂದರ ನಕ್ಷೆಯೂ ಅದೇ ಸಂಚಿಕೆಯಲ್ಲಿ ಬಂತು.

ಬೆಂಗಳೂರು ತಂಡ ತೆಗೆದುಕೊಂಡದ್ದು ರೋಗವಿಲ್ಲದ 30 ಬಗೆಯ ಮಾದರಿಗಳನ್ನು. 17 ವಯಸ್ಕರ ಅಂಗಾಂಶಗಳು, 7 ಭ್ರೂಣದ ಅಂಗಾಂಶಗಳು, 6 ಬಗೆಯ ರಕ್ತಕಣಗಳು. ಪ್ರತಿ ಮಾದರಿಯಿಂದ ಪ್ರೋಟೀನ್ ಬೇರ್ಪಡಿಸಿ, ಟ್ರಿಪ್ಸಿನ್ ಎಂಬ ಕಿಣ್ವದಿಂದ ಸಣ್ಣ ತುಂಡುಗಳಾಗಿ ಕತ್ತರಿಸಿದರು. ಆ ತುಂಡುಗಳನ್ನು ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರದಲ್ಲಿ ತೂಗಿದರು. ಇದು ಬಂಗಾರದಂಗಡಿಯ ತಕ್ಕಡಿಗಿಂತ ಎಷ್ಟೋ ಪಟ್ಟು ಸೂಕ್ಷ್ಮ, ಒಂದೊಂದು ಅಣುವಿನ ತುಂಡಿನ ತೂಕವನ್ನೂ ಹೇಳುತ್ತದೆ. ಆ ತೂಕಗಳನ್ನು ಕಂಪ್ಯೂಟರ್‌ನಲ್ಲಿ ಜೀನ್ ಪಟ್ಟಿಯೊಂದಿಗೆ ಹೋಲಿಸಿ ಯಾವ ತುಂಡು ಯಾವ ಪ್ರೋಟೀನಿನದು ಎಂದು ಗುರುತಿಸಿದರು. ಹರಿದ ಕಾಗದದ ಚೂರುಗಳನ್ನು ನೋಡಿ ಅದು ಯಾವ ಪುಸ್ತಕದ ಯಾವ ಪುಟ ಎಂದು ಹೇಳಿದಂತೆ.

ಸಿಕ್ಕ ಫಲ: 17,294 ಜೀನ್‌ಗಳ ಪ್ರೋಟೀನ್‌ಗಳು. ಅಂದರೆ ಆಗ ಗೊತ್ತಿದ್ದ ಪ್ರೋಟೀನ್ ಜೀನ್‌ಗಳಲ್ಲಿ ಸುಮಾರು ಶೇ 84. ಜೊತೆಗೆ, ‘ಇಲ್ಲಿ ಪ್ರೋಟೀನ್ ತಯಾರಾಗುವುದಿಲ್ಲ’ ಎಂದು ಎಣಿಸಿದ್ದ ಡಿಎನ್‌ಎ ಭಾಗಗಳಿಂದಲೂ ಪ್ರೋಟೀನ್‌ಗಳು ಬಂದಿರುವುದನ್ನು ತಂಡ ವರದಿ ಮಾಡಿತು. ಅಂಥವು 193.

ಸ್ವೀಡನ್‌ನಲ್ಲಿ 2003ರಿಂದ ಇನ್ನೊಂದು ದಾರಿಯ ಕೆಲಸ ನಡೆಯುತ್ತಿದೆ. ಮಥಿಯಾಸ್ ಉಲೆನ್ ನೇತೃತ್ವದ ‘ಹ್ಯೂಮನ್ ಪ್ರೋಟೀನ್ ಅಟ್ಲಾಸ್’ ಅದು. ಅಲ್ಲಿ ಅಂಗಾಂಶದ ತೆಳು ಪದರಗಳಿಗೆ ಆ್ಯಂಟಿಬಾಡಿ ಹಾಕುತ್ತಾರೆ. ಹುಡುಕುತ್ತಿರುವ ಪ್ರೋಟೀನ್ ಎಲ್ಲಿದೆಯೋ ಅಲ್ಲಿ ಕಂದು ಬಣ್ಣ ಮೂಡುತ್ತದೆ. ಹೀಗೆ ತೆಗೆದ ಚಿತ್ರಗಳು ಒಂದು ಕೋಟಿಗೂ ಹೆಚ್ಚು, ಯಾರು ಬೇಕಾದರೂ ಇಂಟರ್ನೆಟ್‌ನಲ್ಲಿ ಉಚಿತವಾಗಿ ನೋಡಬಹುದು. ಈ ಚಿತ್ರಗಳನ್ನು ನೋಡಿ ಗುರುತು ಹಾಕುವ ಕೆಲಸದಲ್ಲಿ ಮುಂಬೈನ ಪೆಥಾಲಜಿಸ್ಟ್‌ಗಳೂ ದುಡಿದಿದ್ದಾರೆ.

ನಕ್ಷೆಯಲ್ಲೂ ತಪ್ಪಿತ್ತು, ಹಿಡಿದವರು ವಿಜ್ಞಾನಿಗಳೇ

2014ರ ನಕ್ಷೆಗಳು ಬಂದ ಕೆಲವೇ ತಿಂಗಳಲ್ಲಿ ಬೇರೆ ಸಂಶೋಧಕರು ಒಂದು ಪ್ರಶ್ನೆ ಎತ್ತಿದರು. ಮೂಗಿನೊಳಗೆ ವಾಸನೆ ಹಿಡಿಯುವ ಪ್ರೋಟೀನ್‌ಗಳು ಪಟ್ಟಿಯಲ್ಲಿವೆ. ಆದರೆ ಮೂಗಿನ ಅಂಗಾಂಶವನ್ನು ಪರೀಕ್ಷಿಸಿಯೇ ಇಲ್ಲವಲ್ಲ! ಅಂದರೆ ಕೆಲವು ತುಂಡುಗಳ ಗುರುತು ತಪ್ಪಾಗಿರಬೇಕು ಎಂದರು. ಆಮೇಲೆ ಲೆಕ್ಕದ ನಿಯಮಗಳನ್ನು ಬಿಗಿ ಮಾಡಲಾಯಿತು. ಹಲವು ದೇಶಗಳ ವಿಜ್ಞಾನಿಗಳು ಕೂಡಿ ನಡೆಸುವ ಮಾನವ ಪ್ರೋಟೀನ್ ಯೋಜನೆ ಆ ಬಿಗಿ ನಿಯಮದಲ್ಲೇ 2020ರಲ್ಲಿ ಶೇ 90ರಷ್ಟು ಪ್ರೋಟೀನ್‌ಗಳಿಗೆ ಗಟ್ಟಿ ಪುರಾವೆ ಸಿಕ್ಕಿದೆ ಎಂದು ಪ್ರಕಟಿಸಿತು. ‘ನೂರಕ್ಕೆ ನೂರು ಗ್ಯಾರಂಟಿ’ ಎನ್ನುವ ಫಾರ್ವರ್ಡ್ ಮೆಸೇಜಿಗೂ ವಿಜ್ಞಾನಕ್ಕೂ ಇರುವ ವ್ಯತ್ಯಾಸ ಇಲ್ಲೇ ಕಾಣುತ್ತದೆ. ವಿಜ್ಞಾನದಲ್ಲಿ ತಪ್ಪು ಹುಡುಕುವುದೂ ಕೆಲಸದ ಭಾಗ.

ಒಂದೇ ಅಂಗದ ಪ್ರೋಟೀನ್: ಎದೆನೋವಿನ ಪರೀಕ್ಷೆ

ನಕ್ಷೆ ಚೆನ್ನಾಗಿ ಕೆಲಸ ಮಾಡುವ ಉದಾಹರಣೆ ಟ್ರೋಪೊನಿನ್. ಹೃದಯದ ಸ್ನಾಯುವಿನಲ್ಲಿರುವ ಟ್ರೋಪೊನಿನ್‌ನ ಬಗೆ ಕೈಕಾಲಿನ ಸ್ನಾಯುವಿನದಕ್ಕಿಂತ ಬೇರೆ. ಹಾಗಾಗಿ ಅದು ರಕ್ತದಲ್ಲಿ ಏರಿದರೆ ಹೃದಯದ ಸ್ನಾಯುವಿಗೆ ಪೆಟ್ಟಾಗಿದೆ ಎಂದರ್ಥ. ಆ ಪೆಟ್ಟು ರಕ್ತನಾಳ ಕಟ್ಟಿದ್ದರಿಂದಲೇ ಆಗಿರಬೇಕೆಂದಿಲ್ಲ. ಕಿಡ್ನಿ ತೊಂದರೆ, ತೀವ್ರ ಸೋಂಕು ಇದ್ದವರಲ್ಲೂ ಇದು ಏರಬಹುದು. ಅದನ್ನು ವೈದ್ಯರು ಇಸಿಜಿ, ಲಕ್ಷಣ ಎಲ್ಲ ಸೇರಿಸಿ ನೋಡುತ್ತಾರೆ.

ಇನ್ನೊಂದು ಮಾತು ನೆನಪಿಡಿ. ಹೃದಯಾಘಾತವಾದ ಕೂಡಲೇ ಟ್ರೋಪೊನಿನ್ ರಕ್ತಕ್ಕೆ ಬರುವುದಿಲ್ಲ, ಏರಲು ಕೆಲವು ಗಂಟೆ ಬೇಕು. ಮೊದಲ ರಿಪೋರ್ಟ್ ನಾರ್ಮಲ್ ಬಂದರೂ ವೈದ್ಯರು ಮತ್ತೊಮ್ಮೆ ರಕ್ತ ತೆಗೆಯುವುದು ಅದಕ್ಕೇ, ದುಡ್ಡಿಗಲ್ಲ. ಎದೆ ಬಿಗಿತ, ಎಡಗೈ ಅಥವಾ ದವಡೆಗೆ ಹರಿಯುವ ನೋವು, ತಣ್ಣನೆ ಬೆವರು ಕಂಡಾಗ ‘ಗ್ಯಾಸ್ ಇರಬೇಕು’ ಎಂದು ಸೋಡಾ ಕುಡಿದು ಕೂರಬೇಡಿ, ಲ್ಯಾಬ್ ಹುಡುಕಿಕೊಂಡೂ ಹೋಗಬೇಡಿ. 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಯಲ್ಲಿ ಮೊದಲು ಇಸಿಜಿ ಮಾಡಿಸಿ. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ಮಾಡಿ, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಇದೆಯೇ ಎಂದು ಆರಾಮಾಗಿರುವಾಗಲೇ ಕೇಳಿ ಇಟ್ಟುಕೊಳ್ಳಿ.

ಹಲವು ಅಂಗಗಳ ಪ್ರೋಟೀನ್: ಲಿವರ್ ರಿಪೋರ್ಟಿನ ಗೊಂದಲ

ಲಿವರ್ ಪರೀಕ್ಷೆಯಲ್ಲಿ ಎಸ್‌ಜಿಪಿಟಿ, ಎಸ್‌ಜಿಒಟಿ ಎಂಬ ಎರಡು ಸಾಲು ನೋಡಿರುತ್ತೀರಿ. ಎರಡೂ ಪ್ರೋಟೀನ್‌ಗಳೇ. ಎಸ್‌ಜಿಪಿಟಿ ಹೆಚ್ಚಾಗಿ ಇರುವುದು ಲಿವರ್‌ನಲ್ಲಿ. ಆದರೆ ಎಸ್‌ಜಿಒಟಿ ಲಿವರ್ ಜೊತೆಗೆ ಹೃದಯ, ಕೈಕಾಲಿನ ಸ್ನಾಯುಗಳಲ್ಲೂ ಧಾರಾಳವಾಗಿದೆ. ಹೊಳಲ್ಕೆರೆ ಕಡೆ ಅಡಿಕೆ ಕೊಯ್ಲಿನಲ್ಲಿ ಎರಡು ದಿನ ಮೈಮುರಿದು ದುಡಿದವರು, ಹಿರಿಯೂರು ಕಡೆ ಈರುಳ್ಳಿ ಮೂಟೆ ಹೊತ್ತವರು ಮರುದಿನ ರಕ್ತ ಕೊಟ್ಟರೆ ಎಸ್‌ಜಿಒಟಿ ಏರಿರಬಹುದು. ಅದು ಸ್ನಾಯುವಿನಿಂದ ಬಂದದ್ದು, ಲಿವರ್ ಕೆಟ್ಟಿದೆ ಎಂದಲ್ಲ. ರಕ್ತ ಕೊಡುವಾಗ ‘ನಿನ್ನೆ ಭಾರೀ ಕೆಲಸ ಮಾಡಿದ್ದೆ’ ಎಂದು ಒಂದು ಮಾತು ಹೇಳಿದರೆ ಎಷ್ಟೋ ಗಾಬರಿ ತಪ್ಪುತ್ತದೆ.

ಹಾಗಾದರೆ ಆ ‘ಸಿಎ-125’ ಕಥೆ ಏನು?

ಈಗ ಅತ್ತೆಯ ರಿಪೋರ್ಟಿಗೆ ಬರೋಣ. ಸಿಎ-125 ಎಂಬ ಪ್ರೋಟೀನ್ ಅಂಡಾಶಯದ ಕ್ಯಾನ್ಸರ್‌ನಲ್ಲಿ ಏರುವುದು ನಿಜ. ಆದರೆ ಅದು ತಯಾರಾಗುವುದು ಅಲ್ಲಿ ಮಾತ್ರವಲ್ಲ. ಗರ್ಭಕೋಶದ ಒಳಪದರ, ಹೊಟ್ಟೆಯ ಒಳಪೊರೆ, ಶ್ವಾಸಕೋಶದ ಹೊರಪೊರೆ, ಇವೆಲ್ಲ ಅದನ್ನು ತಯಾರಿಸಬಲ್ಲವು. ಆದ್ದರಿಂದ ಮುಟ್ಟಿನ ದಿನಗಳಲ್ಲಿ, ಗರ್ಭಿಣಿಯರಲ್ಲಿ, ಗರ್ಭಕೋಶದ ಗಡ್ಡೆ ಇದ್ದಾಗ, ಹೊಟ್ಟೆಯಲ್ಲಿ ನೀರು ತುಂಬಿದಾಗ ಇದು ಏರಬಹುದು. ನಮ್ಮ ದೇಶದಲ್ಲಿ ಮರೆಯಬಾರದ ಇನ್ನೊಂದು ಕಾರಣ ಹೊಟ್ಟೆಯ ಕ್ಷಯ. ಔಷಧಿಯಿಂದ ಗುಣವಾಗುವ ಕ್ಷಯ ರೋಗವೂ ರಿಪೋರ್ಟಿನಲ್ಲಿ ಕ್ಯಾನ್ಸರ್‌ನಂತೆ ಕಾಣಿಸಬಹುದು.

ಇನ್ನೊಂದು ಮಗ್ಗುಲು ಇನ್ನೂ ಮುಖ್ಯ. ಅಂಡಾಶಯದ ಕ್ಯಾನ್ಸರ್ ಮೊದಲ ಹಂತದಲ್ಲಿರುವ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಸಿಎ-125 ಏರಿರುವುದೇ ಇಲ್ಲ. ಅಂದರೆ ರಿಪೋರ್ಟ್ ನಾರ್ಮಲ್ ಎಂದು ನೆಮ್ಮದಿಯಾಗಿರುವುದೂ ಸರಿಯಲ್ಲ. ಬ್ರಿಟನ್‌ನಲ್ಲಿ 2 ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಸೇರಿಸಿಕೊಂಡು, ಲಕ್ಷಣವಿಲ್ಲದವರಿಗೂ ವರ್ಷ ವರ್ಷ ಪರೀಕ್ಷೆ ಮಾಡಿ ನೋಡಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಅದರಿಂದ ಅಂಡಾಶಯ ಕ್ಯಾನ್ಸರ್ ಸಾವುಗಳು ಕಡಿಮೆಯಾಗಲಿಲ್ಲ.

ಉಳಿದ ‘ಕ್ಯಾನ್ಸರ್ ಮಾರ್ಕರ್’ಗಳ ಕಥೆಯೂ ಹೆಚ್ಚುಕಡಿಮೆ ಇದೇ. ಪಿಎಸ್‌ಎ ಪ್ರಾಸ್ಟೇಟ್ ಗ್ರಂಥಿಯ ಪ್ರೋಟೀನ್, ಪ್ರಾಸ್ಟೇಟ್ ಕ್ಯಾನ್ಸರ್‌ನದೇ ಅಲ್ಲ. ವಯಸ್ಸಾದಂತೆ ಗ್ರಂಥಿ ದಪ್ಪಗಾದರೂ, ಸೋಂಕಾದರೂ ಅದು ಏರುತ್ತದೆ. ಸಿಇಎ ಬೀಡಿ ಸಿಗರೇಟ್ ಸೇದುವವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಏರಿರಬಹುದು. ಎಎಫ್‌ಪಿ ಎಂಬುದು ಭ್ರೂಣದ ಲಿವರ್ ತಯಾರಿಸುವ ಪ್ರೋಟೀನ್. ಲಿವರ್ ಕ್ಯಾನ್ಸರ್‌ನಲ್ಲಿ ಅದು ಮತ್ತೆ ಕಾಣಿಸಿಕೊಳ್ಳುತ್ತದೆ ನಿಜ, ಆದರೆ ಬಸುರಿಯಲ್ಲಿ ಏರಿರುವುದು ಸಹಜ. ಬೆಂಗಳೂರಿನ ನಕ್ಷೆಯಲ್ಲಿ ಭ್ರೂಣದ ಅಂಗಾಂಶಗಳನ್ನೂ ಸೇರಿಸಿದ್ದು ಯಾಕೆ ಉಪಯುಕ್ತ ಎಂದು ಇದರಿಂದ ತಿಳಿಯುತ್ತದೆ.

ಈ ಪರೀಕ್ಷೆಗಳು ದಂಡ ಎಂದಲ್ಲ. ಕ್ಯಾನ್ಸರ್ ಖಚಿತವಾದವರಲ್ಲಿ ಚಿಕಿತ್ಸೆ ಫಲಿಸುತ್ತಿದೆಯೇ, ರೋಗ ಮರಳಿದೆಯೇ ಎಂದು ನೋಡಲು ವೈದ್ಯರಿಗೆ ಇವು ಬೇಕೇ ಬೇಕು. ತಪ್ಪಾಗುವುದು, ಏನೂ ಲಕ್ಷಣವಿಲ್ಲದ ಊರಿನ ಜನಕ್ಕೆಲ್ಲ ಪ್ಯಾಕೇಜ್ ಮಾಡಿ ಮಾರಿದಾಗ.

ಒಂದು ಸಣ್ಣ ಲೆಕ್ಕ

ಉದಾಹರಣೆಗೆ ಒಂದು ರೋಗ 2000 ಜನರಲ್ಲಿ ಒಬ್ಬರಿಗೆ ಇದೆ ಎಂದಿಟ್ಟುಕೊಳ್ಳಿ. ಪರೀಕ್ಷೆ ಆರೋಗ್ಯವಂತರಲ್ಲಿ 100ಕ್ಕೆ 95 ಜನರಿಗೆ ಸರಿಯಾಗಿ ‘ಇಲ್ಲ’ ಎನ್ನುತ್ತದೆ. ಕೇಳಲು ಚೆನ್ನಾಗಿದೆ. ಆದರೆ 2000 ಜನಕ್ಕೆ ಮಾಡಿದರೆ ರೋಗವಿಲ್ಲದ ಸುಮಾರು 100 ಜನರಿಗೆ ‘ಇದೆ’ ಎಂದು ಬರುತ್ತದೆ. ನಿಜವಾದ ರೋಗಿ ಒಬ್ಬರು, ಗಾಬರಿಯಿಂದ ಬೆಂಗಳೂರಿನ ಬಸ್ ಹತ್ತುವವರು ನೂರು ಜನ.

ಇನ್ನೊಂದು ಲೆಕ್ಕ. ಬಹಳಷ್ಟು ಪರೀಕ್ಷೆಗಳಲ್ಲಿ ‘ನಾರ್ಮಲ್’ ಮಿತಿಯನ್ನು ಹಾಕುವುದು ಆರೋಗ್ಯವಂತರಲ್ಲಿ 100ಕ್ಕೆ 95 ಜನ ಅದರೊಳಗೆ ಬರುವಂತೆ. ಒಂದಕ್ಕೊಂದು ಸಂಬಂಧವಿಲ್ಲದ ಇಂಥ 20 ಪರೀಕ್ಷೆಗಳ ಪ್ಯಾಕೇಜ್ ಮಾಡಿಸಿದರೆ, ಪೂರ್ತಿ ಆರೋಗ್ಯವಾಗಿರುವವರಲ್ಲೂ ಹೆಚ್ಚುಕಡಿಮೆ ಮೂವರಲ್ಲಿ ಇಬ್ಬರಿಗೆ ಒಂದಾದರೂ ಸಾಲು ದಪ್ಪಕ್ಷರದಲ್ಲಿ ಬರುತ್ತದೆ. ದಪ್ಪಕ್ಷರ ರೋಗದ ಹೆಸರಲ್ಲ.

‘ಒಂದು ಹನಿ ರಕ್ತ’ದ ಆಸೆಗೆ ದೊಡ್ಡ ದೊಡ್ಡವರೇ ಬಿದ್ದಿದ್ದಾರೆ. ಬೆರಳ ತುದಿಯ ಕೆಲವೇ ಹನಿಗಳಲ್ಲಿ ನೂರಾರು ಪರೀಕ್ಷೆ ಮಾಡುತ್ತೇವೆ ಎಂದು ಹೇಳಿಕೊಂಡ ಅಮೆರಿಕದ ಥೆರನೋಸ್ ಕಂಪನಿ 2018ರಲ್ಲಿ ಮುಚ್ಚಿತು. ಹೂಡಿಕೆದಾರರಿಗೆ ಮೋಸ ಮಾಡಿದ್ದಕ್ಕೆ ಅದರ ಸ್ಥಾಪಕಿ ಎಲಿಜಬೆತ್ ಹೋಮ್ಸ್ ತಪ್ಪಿತಸ್ಥೆ ಎಂದು 2022ರಲ್ಲಿ ತೀರ್ಪಾಯಿತು.

ನಕ್ಷೆಯಿಂದ ರೋಗಿಗೆ ನಿಜವಾಗಿ ಸಿಕ್ಕಿದ್ದೇನು?

ಸ್ತನ ಕ್ಯಾನ್ಸರ್ ಬಯಾಪ್ಸಿ ಮಾಡಿಸಿದವರ ರಿಪೋರ್ಟಿನಲ್ಲಿ ‘ಹರ್-2’ ಎಂಬ ಸಾಲು ಇರುತ್ತದೆ. ಗಡ್ಡೆಯ ತೆಳು ಪದರಕ್ಕೆ ಆ್ಯಂಟಿಬಾಡಿ ಹಾಕಿ, ಹರ್-2 ಪ್ರೋಟೀನ್ ಎಷ್ಟಿದೆ ಎಂದು ಬಣ್ಣ ನೋಡಿ 0ಯಿಂದ 3ರವರೆಗೆ ಅಂಕ ಕೊಡುತ್ತಾರೆ. ಸ್ವೀಡನ್ನಿನ ನಕ್ಷೆಯ ವಿಧಾನವೇ ಇದು. 100 ಸ್ತನ ಕ್ಯಾನ್ಸರ್‌ಗಳಲ್ಲಿ ಸುಮಾರು 15ರಿಂದ 20ರಲ್ಲಿ ಈ ಪ್ರೋಟೀನ್ ವಿಪರೀತ ಇರುತ್ತದೆ. ಅಂಥವರಿಗೆ ಟ್ರಾಸ್ಟುಜುಮ್ಯಾಬ್ ಎಂಬ ಔಷಧ ಕೆಲಸ ಮಾಡುತ್ತದೆ. 2014ರಲ್ಲಿ ಬೆಂಗಳೂರಿನ ಬಯೋಕಾನ್ ಕಂಪನಿ ಇದರದೇ ರೂಪವೊಂದನ್ನು ಭಾರತದ ಮಾರುಕಟ್ಟೆಗೆ ತಂದಿತು.

ಇಲ್ಲೂ ನಕ್ಷೆಯ ಇನ್ನೊಂದು ಪಾಠವಿದೆ. ಹರ್-2 ಪ್ರೋಟೀನ್ ಹೃದಯದ ಸ್ನಾಯುವಿನಲ್ಲೂ ಸ್ವಲ್ಪ ಇದೆ. ಆ ಕಾರಣಕ್ಕೆ ಈ ಔಷಧ ಕೆಲವರ ಹೃದಯಕ್ಕೆ ತೊಂದರೆ ಕೊಡಬಹುದು. ಚಿಕಿತ್ಸೆ ನಡೆಯುವಾಗ ವೈದ್ಯರು ಕೆಲವು ತಿಂಗಳಿಗೊಮ್ಮೆ ಎಕೋ ಮಾಡಿಸುವುದು ಅದಕ್ಕೆ. ‘ಕ್ಯಾನ್ಸರ್ ಸ್ತನದಲ್ಲಿ, ಎಕೋ ಯಾಕೆ?’ ಎಂದು ಅದನ್ನು ತಪ್ಪಿಸಬೇಡಿ.

ಹಾಗಾದರೆ ಏನು ಮಾಡಬೇಕು?

ಕ್ಯಾನ್ಸರ್ ತಪಾಸಣೆ ಬೇಡವೇ ಎಂದರೆ, ಬೇಕು. ಕೆಲಸ ಮಾಡುವ ತಪಾಸಣೆ ಬೇಕು. 30 ವರ್ಷ ದಾಟಿದವರಿಗೆ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಸರ್ಕಾರದ ರಾಷ್ಟ್ರೀಯ ಕಾರ್ಯಕ್ರಮದಲ್ಲೇ ಇದೆ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ಕೇಳಿ. ಎಲೆ ಅಡಿಕೆ, ತಂಬಾಕು, ಗುಟ್ಕಾ ಹಾಕುವವರು ಬಾಯಿಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ವಾಸಿಯಾಗದ ಹುಣ್ಣು, ಬಾಯಿ ಪೂರ್ತಿ ತೆರೆಯಲಾಗದ ಬಿಗಿತ ಕಂಡರೆ ತಡಮಾಡಬೇಡಿ. ಬಾಯಿಯೊಳಗೆ ಟಾರ್ಚ್ ಬಿಟ್ಟು ನೋಡುವ ಎರಡು ನಿಮಿಷದ ಪರೀಕ್ಷೆ ಅವರಿಗೆ ಆ ದುಬಾರಿ ಪ್ಯಾಕೇಜಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಈಗಾಗಲೇ ಯಾವುದೋ ಮಾರ್ಕರ್ ಏರಿದ ರಿಪೋರ್ಟ್ ಕೈಯಲ್ಲಿದ್ದರೆ ಹೆದರಬೇಡಿ, ಹಾಗೆಂದು ಡ್ರಾಯರ್‌ನಲ್ಲಿ ಹಾಕಿ ಮರೆಯಲೂ ಬೇಡಿ. ವೈದ್ಯರ ಬಳಿ ಹೋಗಿ ಮೂರು ಪ್ರಶ್ನೆ ಕೇಳಿ. ಈ ಪ್ರೋಟೀನ್ ದೇಹದಲ್ಲಿ ಎಲ್ಲೆಲ್ಲಿ ತಯಾರಾಗುತ್ತದೆ? ಕ್ಯಾನ್ಸರ್ ಅಲ್ಲದೆ ಬೇರೆ ಯಾವ ಕಾರಣಕ್ಕೆ ಏರಿರಬಹುದು? ಮುಂದೆ ಸ್ಕ್ಯಾನಿಂಗ್ ಬೇಕೇ, ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷೆ ಸಾಕೇ? ಹೊಟ್ಟೆ ಉಬ್ಬರ, ಊಟ ಸೇರದಿರುವುದು, ಕೆಳಹೊಟ್ಟೆ ನೋವು ವಾರಗಟ್ಟಲೆ ಬಿಡದೆ ಇದ್ದರೆ ಮಾತ್ರ, ರಿಪೋರ್ಟ್ ನಾರ್ಮಲ್ ಇದ್ದರೂ ತೋರಿಸಲೇಬೇಕು.

ಕೊನೆಯ ಮಾತು: ‘ಒಂದು ಹನಿ ರಕ್ತದಲ್ಲಿ ಎಲ್ಲ ಕ್ಯಾನ್ಸರ್ ಪತ್ತೆ’ ಎಂಬ ಮೆಸೇಜ್ ಸುಳ್ಳು. ಅದರಲ್ಲಿ ಹೆಸರಿಸುವ ಪ್ರೋಟೀನ್‌ಗಳು ನಿಜ, ಪರೀಕ್ಷೆಗಳೂ ನಿಜ. ಅವುಗಳಿಗೆ ಇಲ್ಲದ ಶಕ್ತಿಯನ್ನು ಹೊರಿಸಿರುವುದು ಸುಳ್ಳು. ಗ್ರೂಪಿಗೆ ಅದು ಮತ್ತೆ ಬಂದರೆ ಫಾರ್ವರ್ಡ್ ಮಾಡುವ ಮೊದಲು ‘ಈ ಪ್ರೋಟೀನ್ ಬೇರೆ ಎಲ್ಲೆಲ್ಲಿ ಇರುತ್ತದೆ?’ ಎಂದು ಒಮ್ಮೆ ಕೇಳಿ ನೋಡಿ.